ಎಂಟನೇ ಕ್ಲಾಸ್ ಹುಡುಗನಿಗೆ ನಗು ಬರಿಸುವ ಪುಸ್ತಕ ಯಾವುದು ಕೊಡಲಿ?

ಕೌಲ್‌ಬಜಾರ್ ಅಮ್ಮ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ನನ್ನ ಮಗ ಎಂಟನೇ ಕ್ಲಾಸ್, ಕನ್ನಡ ಮೀಡಿಯಂ. ದಸರಾ ರಜೆಗೆ ಅವರ ಕನ್ನಡ ಟೀಚರ್ ಒಂದೇ ಒಂದು ಕೆಲಸ ಕೊಟ್ಟಿದ್ದಾರೆ. ನಗು ಬರಿಸುವ ಒಂದು ಪುಸ್ತಕ ಓದಬೇಕು. ಶಾಲೆ ಶುರುವಾದ ಮೇಲೆ ಕ್ಲಾಸಿನ ಮುಂದೆ ನಿಂತು ಐದು ನಿಮಿಷ ಅದರ ಬಗ್ಗೆ ಹೇಳಬೇಕು. ಅಷ್ಟೇ.

ಕೇಳಿದ ದಿನ ನನಗೆ ಖುಷಿಯಾಯಿತು. ಆದರೆ ಒಂದು ವಾರ ಆಯ್ತು, ಇನ್ನೂ ಪುಸ್ತಕ ಸಿಕ್ಕಿಲ್ಲ. ಮೊದಲು ಬಸ್ ಸ್ಟ್ಯಾಂಡಿನಿಂದ ಒಂದು ಜೋಕ್ಸ್ ಪುಸ್ತಕ ತಂದ. ಅರ್ಧ ಗಂಟೆಯಲ್ಲಿ ಮುಗಿಸಿದ. ಟೀಚರಿಗೆ ಫೋನ್ ಮಾಡಿದರೆ, "ನಗೆಹನಿ ಬೇಡಮ್ಮ, ಒಬ್ಬರು ಕೂತು ಬರೆದ ಪುಸ್ತಕ ಇರಲಿ" ಅಂದರು. ಆಮೇಲೆ ಅವನ ತಾತನ ಕಪಾಟಿನಿಂದ ಒಂದು ಬೀಚಿ ಪುಸ್ತಕ ತೆಗೆದುಕೊಟ್ಟೆ. ನಮ್ಮಪ್ಪ ಅದನ್ನು ಓದುತ್ತಾ ಒಬ್ಬರೇ ನಗುತ್ತಿದ್ದದ್ದು ನನಗೆ ಈಗಲೂ ಕಿವಿಯಲ್ಲಿದೆ. ಮಗ ಹತ್ತು ಪುಟ ಓದಿ ಮಡಚಿಟ್ಟ. "ಅಮ್ಮಾ, ಇದರಲ್ಲಿ ನಗೋದು ಎಲ್ಲಿ?" ಅಂತ ಕೇಳಿದ.

ಅದೇ ಪುಟ ನಾನು ಓದಿದೆ. ನನಗೆ ನಗು ಬಂತು. ಅವನಿಗೆ ಯಾಕೆ ಬರಲಿಲ್ಲ? ಇದು ನನ್ನನ್ನು ಬಹಳ ಕಾಡಿದೆ. ಅವನು ಓದೋದು ಸ್ವಲ್ಪ ನಿಧಾನ, ಆದರೆ ದಡ್ಡ ಅಲ್ಲ. ದಯವಿಟ್ಟು ಒಳ್ಳೆ ಪುಸ್ತಕ ಹೇಳಿ. ರಜೆ ಇನ್ನು ಹನ್ನೆರಡು ದಿನ ಇದೆ.

ಸಿಂಧನೂರು ಕನ್ನಡ ಟೀಚರ್

ಅಕ್ಕ, ಮೊದಲು ನಿಮ್ಮ ಮಗನ ಟೀಚರಿಗೆ ನನ್ನ ನಮಸ್ಕಾರ ತಿಳಿಸಿ. ರಜೆಗೆ ಇಪ್ಪತ್ತು ಪುಟ ಕಾಪಿ ಬರೆಸುವ ಬದಲು ನಗಿಸುವ ಪುಸ್ತಕ ಓದಿಸುವವರು ಕಡಿಮೆ.

ಅವನಿಗೆ ಯಾಕೆ ನಗು ಬರಲಿಲ್ಲ ಅಂದರೆ, ನಗುವ ವಿಷಯ ಮೊದಲೇ ಗೊತ್ತಿದ್ದರೆ ಮಾತ್ರ ನಗು ಬರುತ್ತದೆ. ಹಳೇ ಪುಸ್ತಕದಲ್ಲಿ ಅಮಲ್ದಾರರು, ಶಿರಸ್ತೇದಾರರು, ಠಾಣೆ, ಕಚೇರಿಯ ಗುಮಾಸ್ತರು ಬರುತ್ತಾರೆ. ನಿಮ್ಮ ತಂದೆಯವರು ಅವರನ್ನು ಕಣ್ಣಾರೆ ಕಂಡವರು. ಮಗ ಕಂಡಿಲ್ಲ. "ಶಿರಸ್ತೇದಾರ ಅಂದರೆ ಯಾರಮ್ಮಾ" ಅಂತ ಅವನು ಕೇಳಿ, ನೀವು ವಿವರಿಸಿ ಮುಗಿಸುವ ಹೊತ್ತಿಗೆ ಜೋಕ್ ತಣ್ಣಗಾಗಿರುತ್ತದೆ.

ನಾನು ಕ್ಲಾಸಿನಲ್ಲಿ ಹೀಗೆ ಮಾಡುತ್ತೇನೆ. ಪುಸ್ತಕದ ನಡುವಿನ ಯಾವುದಾದರೂ ಎರಡು ಪುಟ ತೆಗೆದು ಹುಡುಗನಿಂದ ಜೋರಾಗಿ ಓದಿಸುತ್ತೇನೆ. ಐದಕ್ಕಿಂತ ಜಾಸ್ತಿ ಕಡೆ "ಇದೇನು ಸರ್" ಅಂತ ನಿಂತರೆ ಆ ಪುಸ್ತಕ ಮುಂದಿನ ವರ್ಷಕ್ಕೆ. ನಿಲ್ಲದೆ ಓದಿದ, ಆದರೆ ಮುಖದಲ್ಲಿ ಏನೂ ಇಲ್ಲ ಅಂದರೂ ಬೇಡ. ಓದುತ್ತಾ ಓದುತ್ತಾ ಪಕ್ಕದವನ ಮುಖ ನೋಡಿದ ಅಂದುಕೊಳ್ಳಿ, ಅದೇ ಅವನ ಪುಸ್ತಕ. ಮನಸ್ಸಿನಲ್ಲೇ ಓದಿದರೆ ಇದು ಗೊತ್ತಾಗಲ್ಲ. ಜೋರಾಗಿಯೇ ಓದಬೇಕು.

ಅವನು ಯಾವುದಕ್ಕೆ ನಗುತ್ತಾನೆ ಹೇಳಿ. ಮಾತಿನ ಚಮತ್ಕಾರಕ್ಕಾ? ಯಾರಾದರೂ ಪೇಚಿಗೆ ಸಿಕ್ಕಿದರೆ? ಪ್ರಾಣಿಗಳ ಆಟಕ್ಕಾ? ಅದರ ಮೇಲೆ ಹೇಳಬಹುದು.

ತಿಮ್ಮನ ಅಭಿಮಾನಿ, ಸಿರುಗುಪ್ಪ

ಅಕ್ಕಾ, ಬೀಚಿ ಅವರನ್ನು ಹತ್ತು ಪುಟಕ್ಕೇ ಕೈಬಿಡಬೇಡಿ. ಅವರು ನಮ್ಮವರು. ರಾಯಸಂ ಭೀಮಸೇನರಾವ್, ಹುಟ್ಟಿದ್ದು 1913ರಲ್ಲಿ ಹರಪನಹಳ್ಳಿಯಲ್ಲಿ. ಆಗ ಅದು ಬಳ್ಳಾರಿ ಜಿಲ್ಲೆ, ಬಳ್ಳಾರಿ ಮದ್ರಾಸ್ ಸರ್ಕಾರದ ಕೈಯಲ್ಲಿತ್ತು. ಪೊಲೀಸ್ ಇಲಾಖೆಯಲ್ಲಿ ನೌಕರಿ ಮಾಡುತ್ತಾ ಬರೆದವರು. ಅನಕೃ ಅವರ 'ಸಂಧ್ಯಾರಾಗ' ಓದಿದ ಮೇಲೆ ಕನ್ನಡದ ಹುಚ್ಚು ಹಿಡಿಯಿತು ಅಂತ ಹೇಳುತ್ತಾರೆ. ತಮ್ಮ ಹೆಸರನ್ನು ಅರ್ಧ ಕನ್ನಡ ಅಕ್ಷರದಲ್ಲಿ, ಅರ್ಧ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದರು. ನಿಮ್ಮ ಮಗನಿಗೆ ಇದನ್ನು ಹೇಳಿ ನೋಡಿ, ಅಲ್ಲೇ ಕಿವಿ ನಿಮಿರುತ್ತದೆ.

ಬೀಚಿ ಅವರ ಎಲ್ಲ ಪುಸ್ತಕವೂ ಮಕ್ಕಳಿಗಲ್ಲ ಅನ್ನೋದು ನಿಜ. ಕಾದಂಬರಿಗಳು ದೊಡ್ಡವರಿಗೆ. ಆದರೆ ಅವರ ತಮಾಷೆ ಪಾತ್ರ ತಿಮ್ಮ ಬರುವ ಪುಸ್ತಕಗಳು ಬೇರೆ. 'ತಿಮ್ಮನ ತಲೆ', 'ಅಂದನಾ ತಿಮ್ಮ' ಇಂಥವು. ಸಣ್ಣ ಸಣ್ಣ ತುಣುಕು. ಕೆಲವು ಈಗ ಹಳೆಯವಾಗಿವೆ, ಗಂಡ ಹೆಂಡತಿ ಜೋಕುಗಳು ಹುಡುಗನಿಗೆ ಬೇಕಿಲ್ಲ. ನೀವೇ ಮೊದಲು ಕೂತು ಓದಿ, ಹತ್ತು ತುಣುಕಿಗೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಡಿ. ಆತ್ಮಕಥೆಗೆ ಅವರು ಇಟ್ಟ ಹೆಸರು 'ನನ್ನ ಭಯಾಗ್ರಫಿ'. ಆ ಒಂದು ಹೆಸರು ಹಿಡಿದುಕೊಂಡೇ ಹುಡುಗ ಕ್ಲಾಸಿನಲ್ಲಿ ಒಂದು ನಿಮಿಷ ಮಾತಾಡಬಹುದು.

ಇನ್ನೊಂದು. ಗಂಗಾವತಿ ಪ್ರಾಣೇಶ್ ಅವರನ್ನು ಜನ ಅಭಿನವ ಬೀಚಿ ಅಂತಲೇ ಕರೆಯುತ್ತಾರೆ. ಅವರ ಮಾತು ಮೊದಲು ಕೇಳಿಸಿ, ಆಮೇಲೆ ಪುಸ್ತಕ ಕೊಡಿ. ಕಿವಿಗೆ ಆ ಧಾಟಿ ಕೂತರೆ ಓದುವಾಗ ತಾನಾಗೇ ಕೇಳಿಸುತ್ತದೆ.

ಮಾನ್ವಿ ತಂದೆ

ಯಾರೂ ಬೇಸರ ಮಾಡಿಕೊಳ್ಳಬೇಡಿ. ನಮ್ಮ ಭಾಗದ ಮಕ್ಕಳು ಎಸ್ಸೆಸ್ಸೆಲ್ಸಿಯಲ್ಲಿ ಹಿಂದೆ ಬೀಳುತ್ತಿದ್ದಾರೆ ಅಂತ ಪ್ರತಿ ವರ್ಷ ಪೇಪರಿನಲ್ಲಿ ಓದುತ್ತೇವೆ. ರಜೆಯಲ್ಲಿ ಗಣಿತ, ಇಂಗ್ಲಿಷ್ ಮಾಡಿಸುವುದು ಬಿಟ್ಟು ಹಾಸ್ಯ ಪುಸ್ತಕ ಬೇಕಾ? ನನ್ನ ಮಗಳಿಗೂ ಹೀಗೇ ಕೊಟ್ಟಿದ್ದಾರೆ. ನನಗೆ ಸಮಾಧಾನ ಆಗುತ್ತಿಲ್ಲ.

ಸಿಂಧನೂರು ಕನ್ನಡ ಟೀಚರ್

ಸರ್, ನಿಮ್ಮ ಚಿಂತೆ ಸರಿ. ನಾನೂ ಹತ್ತನೇ ಕ್ಲಾಸಿಗೆ ಪಾಠ ಮಾಡುವವನು, ಅದೇ ಚಿಂತೆ ನನಗೂ ಇದೆ. ಆದರೆ ಒಂದು ಮಾತು ಕೇಳಿ. ನಮ್ಮ ಮಕ್ಕಳು ಗಣಿತದಲ್ಲಿ ಬೀಳುವುದು ಎಷ್ಟೋ ಸಲ ಲೆಕ್ಕ ಬಾರದೆ ಅಲ್ಲ, ಪ್ರಶ್ನೆ ಓದಿ ಅರ್ಥವಾಗದೆ. ಮೂರು ಸಾಲಿನ ಪ್ರಶ್ನೆ ಇದ್ದರೆ ಎರಡನೇ ಸಾಲಿಗೇ ಕೈಚೆಲ್ಲುತ್ತಾರೆ. ಯಾಕೆಂದರೆ ಓದುವ ಅಭ್ಯಾಸ ಇಲ್ಲ. ನಗು ಬರುವ ಪುಸ್ತಕದಲ್ಲಿ ಒಂದು ವಿಶೇಷ ಇದೆ. ಅರ್ಥವಾಗದೇ ಇದ್ದರೆ ನಗು ಬರಲ್ಲ. ಅಳು ಬರುವ ಕಥೆ ಅರ್ಧ ಅರ್ಥವಾದರೂ ಮುಖ ಸಪ್ಪೆ ಮಾಡಿಕೊಂಡು ಕೂರಬಹುದು. ಅರ್ಧ ಅರ್ಥವಾದ ಜೋಕಿಗೆ ಯಾರೂ ನಗಲ್ಲ. ಹುಡುಗನಿಗೆ ಎಷ್ಟು ತಿಳಿಯಿತು ಅಂತ ಪರೀಕ್ಷೆ ಇಲ್ಲದೆ ಗೊತ್ತಾಗುವುದು ಇದರಲ್ಲೇ.

ಮಗಳಿಗೆ ದಿನಕ್ಕೆ ಅರ್ಧ ಗಂಟೆ ಬಿಡಿ ಸರ್. ಉಳಿದ ಹೊತ್ತು ಗಣಿತ ಮಾಡಿಸಿ.

ಒಂಬತ್ತನೇ ಕ್ಲಾಸ್, ಗಂಗಾವತಿ

ನಮಸ್ತೆ. ನಾನು ಹೋದ ವರ್ಷ ತೆನಾಲಿ ರಾಮಕೃಷ್ಣನ ಕಥೆ ಓದಿದ್ದೆ. ನಮ್ಮ ಊರಿಂದ ಆನೆಗೊಂದಿ ಹತ್ತಿರ, ಅಲ್ಲಿಂದ ನದಿ ದಾಟಿದರೆ ಹಂಪಿ. ಇಲ್ಲೇ ನಡೆದದ್ದು ಅಂದರೆ ಕ್ಲಾಸಿನಲ್ಲಿ ಎಲ್ಲರೂ ಕೇಳಿದರು. ಆದರೆ ನಾಲ್ಕು ಜನ ಅದೇ ಪುಸ್ತಕ ತಂದಿದ್ದರು. ನನ್ನ ಸರದಿ ಬರುವಷ್ಟರಲ್ಲಿ ಕಥೆಗಳೆಲ್ಲ ಮುಗಿದಿದ್ದವು. ಬೇರೆ ಯಾರೂ ತರದ ಪುಸ್ತಕ ತಗೊಳ್ಳೋಕೆ ಹೇಳಿ ಆಂಟಿ.

ಪುಸ್ತಕದ ಅಕ್ಕ, ಕುಷ್ಟಗಿ ತಾಲ್ಲೂಕು

ಒಳ್ಳೆ ಮಾತು ಹೇಳಿದೆ ಪುಟ್ಟಾ.

ನಾನು ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಈಗ ಅರಿವು ಕೇಂದ್ರ ಅಂತ ಬೋರ್ಡು. 2020ರಲ್ಲಿ ಕೊರೊನಾ ಹೊತ್ತಿಗೆ 'ಓದುವ ಬೆಳಕು' ಕಾರ್ಯಕ್ರಮ ಶುರುವಾಯಿತು. ಆಗಿನಿಂದ ಮಕ್ಕಳು ಬರುತ್ತಾರೆ. ನಾನು ಕಂಡದ್ದನ್ನು ಹೇಳುತ್ತೇನೆ.

ನಿಧಾನ ಓದುವ ದೊಡ್ಡ ಹುಡುಗರು ಬಂದರೆ ಮೊದಲು ದಪ್ಪ ಪುಸ್ತಕ ಕೈಗೆತ್ತಿಕೊಳ್ಳುತ್ತಾರೆ. ಗೆಳೆಯರು ನೋಡುತ್ತಾರೆ ಅಂತ. ಎರಡು ದಿನಕ್ಕೆ ವಾಪಸ್ ತರುತ್ತಾರೆ, ಬುಕ್‌ಮಾರ್ಕ್ ನಾಲ್ಕನೇ ಪುಟದಲ್ಲೇ ಇರುತ್ತದೆ. ಒಬ್ಬ ಹುಡುಗ, ಅವನೂ ಎಂಟನೇ ಕ್ಲಾಸೇ, ಸಂಜೆ ಎಲ್ಲರೂ ಹೋದ ಮೇಲೆ ಚಿಕ್ಕ ಮಕ್ಕಳ ಕಪಾಟಿನ ಹತ್ತಿರ ಕೂತು ಚಿತ್ರದ ಪುಸ್ತಕ ಓದುತ್ತಿದ್ದ. ನನ್ನನ್ನು ಕಂಡ ಕೂಡಲೇ ಮುಚ್ಚಿಟ್ಟ. ನನಗೆ ಕರುಳು ಕಿತ್ತು ಬಂದಂತಾಯಿತು. ಮರುದಿನ ನಾನು, "ತಮ್ಮಾ, ಒಂದನೇ ಕ್ಲಾಸಿನ ಮಕ್ಕಳಿಗೆ ಓದಿ ಹೇಳೋಕೆ ಯಾರಾದರೂ ಬೇಕು, ನೀನು ಬರ್ತೀಯಾ" ಅಂದೆ. ಅಂದಿನಿಂದ ಚಿತ್ರದ ಪುಸ್ತಕ ಓದೋದು ಅವನ ಡ್ಯೂಟಿ ಆಯಿತು. ನಾಚಿಕೆ ಹೋಯಿತು. ಈಗ ಅವನು ಓದುವ ಸ್ಪೀಡ್ ನೋಡಬೇಕು ನೀವು.

ಹಾಗಾಗಿ ಅಕ್ಕಾ, ಪುಸ್ತಕ ತೆಳ್ಳಗಿದ್ದರೆ ಚಿಂತೆ ಮಾಡಬೇಡಿ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡ ಕಥೆಗಳು ಫೋನಿನಲ್ಲೇ ಪುಕ್ಕಟೆ ಸಿಗುತ್ತವೆ. ಕ್ಲಾಸಿಗೆ ಅದು ಚಿಕ್ಕದಾಗಬಹುದು, ಆದರೆ ಹನ್ನೆರಡು ದಿನದಲ್ಲಿ ಮೊದಲ ಎರಡು ದಿನ ಅದನ್ನು ಓದಿಸಿ. ನಾಲಿಗೆ ಸಡಿಲವಾಗುತ್ತದೆ.

ಕೌಲ್‌ಬಜಾರ್ ಅಮ್ಮ, ಬಳ್ಳಾರಿ

ಟೀಚರ್ ಸರ್ ಹೇಳಿದ ಹಾಗೆ ಜೋರಾಗಿ ಓದಿಸಿದೆ. ಬೀಚಿ ಪುಸ್ತಕದ ಎರಡು ಪುಟದಲ್ಲಿ ಒಂಬತ್ತು ಕಡೆ ನಿಂತ. ಸಿರುಗುಪ್ಪದ ಅಣ್ಣಾ, ಅದನ್ನು ಎತ್ತಿಟ್ಟಿದ್ದೇನೆ, ಬಿಸಾಕಿಲ್ಲ.

ಯಾವುದಕ್ಕೆ ನಗುತ್ತಾನೆ ಅಂತ ಕೇಳಿದಿರಿ. ನಾನು ಎರಡು ದಿನ ಗಮನ ಇಟ್ಟು ನೋಡಿದೆ. ನಮ್ಮ ಓಣಿಯ ನಾಯಿ ಒಂದು ಚಪ್ಪಲಿ ಕಚ್ಚಿಕೊಂಡು ಹೋಗಿ, ಎದುರು ಮನೆ ಬಾಗಿಲಲ್ಲಿ ಇಟ್ಟು, ಅಲ್ಲಿಯ ಚಪ್ಪಲಿ ತಂದು ನಮ್ಮ ಬಾಗಿಲಲ್ಲಿ ಇಟ್ಟಿತ್ತು. ಅದನ್ನು ಅವರಪ್ಪನಿಗೆ, ಅಜ್ಜಿಗೆ, ಹಾಲಿನವನಿಗೆ ಮೂರು ಸಲ ಹೇಳಿದ. ಪ್ರತಿ ಸಲವೂ ಹೊಸದಾಗಿ ನಕ್ಕ.

ಕಾರ್ಖಾನೆ ಪಾಳಿ, ತೋರಣಗಲ್ಲು

ಹಾಗಾದರೆ ಉತ್ತರ ಸಿಕ್ಕಿತು ಮೇಡಂ. ಪೂರ್ಣಚಂದ್ರ ತೇಜಸ್ವಿ ಅವರ 'ಪರಿಸರದ ಕತೆ'. ಕಣ್ಣು ಮುಚ್ಚಿಕೊಂಡು ಕೊಡಿ.

ನಾನು ಶಿಫ್ಟ್ ಬಸ್ಸಿನಲ್ಲಿ ಓದುವವನು. ಆ ಪುಸ್ತಕ ಓದುವಾಗ ಮುಂದಿನ ಸೀಟಿನವರು ಎರಡು ಸಲ ತಿರುಗಿ ನೋಡಿದರು, ಅಷ್ಟು ನಕ್ಕಿದ್ದೇನೆ. ಅದರಲ್ಲಿ ಕಿವಿ ಅಂತ ಒಂದು ನಾಯಿ ಇದೆ. 'ಕಿವಿಯೊಡನೆ ಒಂದು ದಿನ' ಅಂತ ಒಂದು ಅಧ್ಯಾಯವೇ ಇದೆ. ಒಂದೊಂದು ಅಧ್ಯಾಯವೂ ಬೇರೆ ಬೇರೆ, ಯಾವುದನ್ನು ಬೇಕಾದರೂ ಮೊದಲು ಓದಬಹುದು. ನಿಧಾನ ಓದುವ ಹುಡುಗನಿಗೆ ಇದು ದೊಡ್ಡ ಅನುಕೂಲ. ಒಂದು ಮುಗಿಸಿದರೂ ಮುಗಿಸಿದ ಸಂತೋಷ ಇರುತ್ತದೆ. ತೇಜಸ್ವಿ ನಗಿಸಬೇಕು ಅಂತ ಬರೆಯುವುದಿಲ್ಲ. ಮೂಡಿಗೆರೆಯ ತೋಟದಲ್ಲಿ ಏನಾಯಿತು ಅಂತ ಹೇಳುತ್ತಾ ಹೋಗುತ್ತಾರೆ, ನಗು ನಮಗೆ ಬರುತ್ತದೆ.

ಮುಗಿಸಿದ ಮೇಲೆ ರುಚಿ ಹತ್ತಿದರೆ 'ಕರ್ವಾಲೊ' ಇದೆ. ಹಾರುವ ಓತಿ ಹುಡುಕಿಕೊಂಡು ಕಾಡಿಗೆ ಹೋಗುವ ಕಥೆ. 1980ರಲ್ಲಿ ಬಂದದ್ದು, ಈಗಲೂ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಅದು ಕಾದಂಬರಿ, ಮುಂದಿನ ರಜೆಗೆ ಇಟ್ಟುಕೊಳ್ಳಿ.

ಎರಡು ಭಾಷೆ ಮನೆ, ಬಳ್ಳಾರಿ

ತೇಜಸ್ವಿಗೆ ನನ್ನ ಒಪ್ಪಿಗೆ ಇದೆ. ಆದರೆ ಒಂದು ತೊಂದರೆ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮಕ್ಕಳು ಮಲೆನಾಡು ನೋಡಿಲ್ಲ. ಜಿಗಣೆ ಅಂದರೆ ಗೊತ್ತಿಲ್ಲ, ಕಾಫಿ ಗಿಡ ಗೊತ್ತಿಲ್ಲ, ಮೂರು ತಿಂಗಳು ಬಿಡದೆ ಸುರಿಯುವ ಮಳೆ ಗೊತ್ತಿಲ್ಲ. ಬಳ್ಳಾರಿಯ ಹುಡುಗನಿಗೆ ಮಳೆ ಅಂದರೆ ಹಬ್ಬ. ನನ್ನ ಮಗನಿಗೆ ನಾನು ಮೊದಲು ಮೂಡಿಗೆರೆ ಕಡೆಯ ಫೋಟೋಗಳನ್ನು ತೋರಿಸಿದೆ. ಒಂದು ಹತ್ತು ನಿಮಿಷ ಸಾಕು. ಆಮೇಲೆ ಓದುವಾಗ ನಿಲ್ಲಲಿಲ್ಲ.

ನಮ್ಮ ಮನೆಯಲ್ಲಿ ಮಾತು ತೆಲುಗು, ಶಾಲೆ ಕನ್ನಡ. ಬಳ್ಳಾರಿಯಲ್ಲಿ ಹೀಗೆ ಎಷ್ಟೋ ಮನೆ. ನಾನು ಚಿಕ್ಕವನಿದ್ದಾಗ ನಮ್ಮಮ್ಮ ತೆಲುಗಿನ 'ಬುಡುಗು' ಓದಿ ಹೇಳುತ್ತಿದ್ದರು. ಮುಳ್ಳಪೂಡಿ ವೆಂಕಟರಮಣ ಬರೆದದ್ದು, ಬಾಪು ಅವರ ಚಿತ್ರ. ಆ ಚಿಕ್ಕ ಹುಡುಗನೇ ತನ್ನ ಬಾಯಲ್ಲಿ ಎಲ್ಲ ಹೇಳುತ್ತಾನೆ. ಮಕ್ಕಳಿಗೆ ಮಕ್ಕಳ ಬಾಯಿಯ ಮಾತು ತಟ್ಟನೆ ಹಿಡಿಸುತ್ತದೆ. ಕನ್ನಡದಲ್ಲಿ ಮಕ್ಕಳ ಲೋಕ ಬೇಕು ಅಂದರೆ ಅನುವಾದವಾಗಿ ಬಂದಿರುವ 'ತೊತ್ತೊಚಾನ್' ನೋಡಿ. ಜಪಾನಿನ ಹುಡುಗಿ, ರೈಲು ಡಬ್ಬಿಯೇ ಅವಳ ಕ್ಲಾಸ್ ರೂಮು. ಅದು ಪೂರ್ತಿ ಹಾಸ್ಯ ಅಲ್ಲ, ಕೊನೆಗೆ ಯುದ್ಧ ಬರುತ್ತದೆ. ಆದರೆ ಮೊದಲ ಪುಟಗಳಲ್ಲಿ ಆ ಹುಡುಗಿ ಡೆಸ್ಕಿನ ಮುಚ್ಚಳ ಮತ್ತೆ ಮತ್ತೆ ತೆಗೆದು ಮುಚ್ಚಿ ಟೀಚರಿಗೆ ಸಾಕು ಸಾಕು ಮಾಡುವುದನ್ನು ಓದಿ ನಗದ ಮಗುವನ್ನು ನಾನು ಕಂಡಿಲ್ಲ.

ಕೊಳ್ಳುವಾಗ ಅಕ್ಷರ ನೋಡಿ. ನಾನು ಒಂದು ಸಲ ಆನ್‌ಲೈನ್‌ನಲ್ಲಿ ಹಾಸ್ಯ ಕಥೆಗಳ ಪುಸ್ತಕ ತರಿಸಿದೆ. ಇರುವೆ ಸಾಲಿನಂಥ ಅಕ್ಷರ, ಪುಟದ ಅಂಚಿನವರೆಗೂ ತುಂಬಿಸಿದ್ದರು. ಮಗ ಬಿಚ್ಚಿ ನೋಡಿ ಹಾಗೇ ಮಡಚಿದ. ಕಥೆ ಚೆನ್ನಾಗಿಯೇ ಇತ್ತು.

ನಾಟಕದ ಹುಚ್ಚು, ಕೊಪ್ಪಳ

ಕೈಲಾಸಂ ಹೆಸರು ಇನ್ನೂ ಯಾರೂ ಎತ್ತಿಲ್ಲವಲ್ಲ! 'ಟೊಳ್ಳುಗಟ್ಟಿ' ಓದಿಸಿ. ಪರೀಕ್ಷೆಯಲ್ಲಿ ಮುಂದಿರುವ ಪುಟ್ಟು, ಓದಿನಲ್ಲಿ ಹಿಂದಿದ್ದರೂ ಮನೆಯವರಿಗೆ ಒದಗುವ ಮಾಧು. ನೂರು ವರ್ಷದ ಹಿಂದಿನ ನಾಟಕ, ಮಾರ್ಕ್ಸ್ ಚಿಂತೆ ಮಾತ್ರ ಇವತ್ತಿನದೇ. ಮಾನ್ವಿ ಸರ್, ನೀವೂ ಒಮ್ಮೆ ಓದಿ, ಪ್ರೀತಿಯಿಂದ ಹೇಳುತ್ತಿದ್ದೇನೆ.

ನಾಟಕವನ್ನು ಒಬ್ಬನೇ ಓದಬಾರದು. ಮನೆಯಲ್ಲಿ ನಾಲ್ಕು ಜನ ಪಾತ್ರ ಹಂಚಿಕೊಳ್ಳಿ. ಕೈಲಾಸಂ ಮಾತಿನ ತುಂಬ ಇಂಗ್ಲಿಷ್ ಬೆರೆತಿರುತ್ತದೆ, ಜತೆಗೆ ಅದು ಆ ಕಾಲದ ಬೆಂಗಳೂರು ಮೈಸೂರು ಮನೆಗಳ ಮಾತು. ನಮ್ಮ ಕಡೆ ಮಕ್ಕಳಿಗೆ ಮೊದಲ ಎರಡು ಪುಟ ತಡವರಿಸುತ್ತದೆ. ಆಮೇಲೆ ಆ ತಡವರಿಕೆಯೇ ಮಜಾ ಕೊಡುತ್ತದೆ. ಹೋದ ಬೇಸಿಗೆ ಕರೆಂಟ್ ಹೋದಾಗ ಮಾಳಿಗೆ ಮೇಲೆ ಕೂತು ಮೊಬೈಲ್ ಬೆಳಕಿನಲ್ಲಿ ನಾವು ಓದಿದೆವು. ಅಮ್ಮನ ಪಾತ್ರ ನಮ್ಮ ದೊಡ್ಡಪ್ಪ ಮಾಡಿದರು.

ಸಿಂಧನೂರು ಕನ್ನಡ ಟೀಚರ್

ನಾಯಿಗೆ ನಗುವ ಹುಡುಗನಿಗೆ ತೇಜಸ್ವಿಯೇ ಸರಿ. ಗೊರೂರರ 'ಹಳ್ಳಿಯ ಚಿತ್ರಗಳು' ಕೂಡ ಹೇಳೋಣ ಅಂತಿದ್ದೆ. ಅದನ್ನು ಹತ್ತನೇ ಕ್ಲಾಸಿಗೆ ಇಡೋಣ.

ಐದು ನಿಮಿಷದ ಮಾತಿನ ಬಗ್ಗೆ ಒಂದು ವಿಷಯ. ಹುಡುಗರು ಎದ್ದು ನಿಂತು ಇಡೀ ಪುಸ್ತಕದ ಸಾರಾಂಶ ಹೇಳುತ್ತಾರೆ. ಹಾಸ್ಯಕ್ಕೆ ಸಾರಾಂಶ ಮಾಡಿದರೆ ಹಾಸ್ಯ ಇರಲ್ಲ. ನಿಮ್ಮ ಮಗ ಒಂದೇ ಪ್ಯಾರಾ ಆರಿಸಿಕೊಂಡು ಪುಸ್ತಕ ನೋಡಿಯೇ ಓದಲಿ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ತಲೆ ಎತ್ತಿ ನೋಡಬೇಕು ಅಂತ ಮನೆಯಲ್ಲಿ ಅಭ್ಯಾಸ ಮಾಡಲಿ. ಆಮೇಲೆ ಅದು ತನಗೆ ಯಾಕೆ ನಗು ತಂತು ಅಂತ ಎರಡು ಮಾತು ಹೇಳಲಿ.

ಸಮಯ ಉಳಿದರೆ ಒಂದು ಆಟ ಇದೆ. ನಾ. ಕಸ್ತೂರಿ ಅವರು 'ಅನರ್ಥಕೋಶ' ಅಂತ ಬರೆದಿದ್ದಾರೆ. ಅರ್ಥಕೋಶದ ಹಾಗೇ ಪದಗಳ ಸಾಲು, ಆದರೆ ಅರ್ಥ ಮಾತ್ರ ತಮಾಷೆಯದು. 'ಕೊರವಂಜಿ' ಹಾಸ್ಯ ಪತ್ರಿಕೆಯ ಕಾಲದ ಬರಹಗಾರರು ಅವರು. ಆ ಪತ್ರಿಕೆಯನ್ನು 1942ರಲ್ಲಿ ಶುರು ಮಾಡಿದ್ದು ಡಾಕ್ಟರ್ ಎಂ. ಶಿವರಾಂ, 'ರಾಶಿ' ಅಂತ ಬರೆಯುತ್ತಿದ್ದರು. ಆರ್. ಕೆ. ಲಕ್ಷ್ಮಣ್ ಅವರ ಮೊದಮೊದಲ ವ್ಯಂಗ್ಯಚಿತ್ರಗಳು ಬಂದದ್ದೂ ಅದರಲ್ಲೇ. ನಾನು ಕ್ಲಾಸಿನಲ್ಲಿ ಮಕ್ಕಳಿಗೆ ತಾವೇ ಅನರ್ಥಕೋಶ ಬರೆಯಿರಿ ಅನ್ನುತ್ತೇನೆ. ಒಂದು ಹುಡುಗಿ ಬರೆದಿದ್ದಳು: "ಹೋಂವರ್ಕ್: ಅಕ್ಕ ಮಾಡಿಕೊಟ್ಟು ತಂಗಿ ಬೈಸಿಕೊಳ್ಳುವ ಕೆಲಸ." ಆ ದಿನ ನಾನು ಹೋಂವರ್ಕ್ ಕೊಡಲಿಲ್ಲ.

ಮಾನ್ವಿ ತಂದೆ

ಟೊಳ್ಳುಗಟ್ಟಿ ತರಿಸಿದೆ. ಮಗಳು ಮಾಧು, ನಾನು ಅಪ್ಪ ಹಿರಿಯಣ್ಣನ ಪಾತ್ರ. ಗಣಿತ ಆದ ಮೇಲೆ ರಾತ್ರಿ ಊಟಕ್ಕೆ ಮುಂಚೆ ಓದುತ್ತಿದ್ದೇವೆ. ಕೊಪ್ಪಳದ ಸರ್‌ಗೆ ಧನ್ಯವಾದ.

ಕೌಲ್‌ಬಜಾರ್ ಅಮ್ಮ, ಬಳ್ಳಾರಿ

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಹಬ್ಬದ ಓಡಾಟ.

ಪರಿಸರದ ಕತೆ ಸಿಕ್ಕಿತು. ಮೊದಲ ದಿನ ಸುಮ್ನೆ ಟೇಬಲ್ ಮೇಲೆ ಬಿಟ್ಟೆ, ಓದು ಅಂತ ಹೇಳಲಿಲ್ಲ. ಎರಡನೇ ದಿನ ಫೋಟೋಗಳನ್ನು ತೋರಿಸಿದೆ. ಜಿಗಣೆ ಫೋಟೋ ನೋಡಿ "ಛೀ" ಅಂದ, ಮತ್ತೆ ಹತ್ತು ಸಲ ನೋಡಿದ. ಮೂರನೇ ದಿನ ಮಧ್ಯಾಹ್ನ ನಮ್ಮತ್ತೆ ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ಶೇಂಗಾ ಸುಲಿಯುತ್ತಾ ಕೂತಿದ್ದರು. ಅವರಿಗೆ ಓದೋಕೆ ಬರಲ್ಲ. ಇವನು ಪಕ್ಕದಲ್ಲಿ ಗೋಡೆಗೆ ಒರಗಿ ಮನಸ್ಸಿನಲ್ಲೇ ಓದುತ್ತಿದ್ದ. ನಾನು ಒಳಗೆ ಒಗ್ಗರಣೆ ಹಾಕುತ್ತಿದ್ದೆ. ಇದ್ದಕ್ಕಿದ್ದಂತೆ "ಅಜ್ಜೀ, ಇದನ್ನು ಕೇಳು" ಅಂದ.

ಕಿವಿ ಬರುವ ಕಡೆ ಜೋರಾಗಿ ಓದತೊಡಗಿದ. ನಾಲ್ಕು ಸಾಲು ಓದುವಷ್ಟರಲ್ಲಿ ನಗು ತಡೆಯಲಾರದೆ ನಿಂತ. ಮತ್ತೆ ಶುರು ಮಾಡಿದ, ಮತ್ತೆ ನಿಂತ. ಕೈಯಲ್ಲಿ ಒಂದು ಶೇಂಗಾ ಹಿಡಿದುಕೊಂಡು ನಮ್ಮತ್ತೆ, "ಮುಂದೇನಾತೋ, ಹೇಳಿ ನಗು" ಅಂತ ಬೈಯುತ್ತಿದ್ದರು. ಬೈಯುತ್ತಾ ಅವರೂ ನಗುತ್ತಿದ್ದರು. ನಾನು ಗ್ಯಾಸ್ ಆರಿಸಿ ಬಾಗಿಲಲ್ಲಿ ನಿಂತುಬಿಟ್ಟೆ. ಸಾಸಿವೆ ಸೀದು ಹೋಯಿತು, ಹೋಗಲಿ ಬಿಡಿ.

ಅಲ್ಲಿಂದ ಈಗ ಇದೇ ಆಗಿದೆ. ಊಟ ಆದ ಮೇಲೆ ಒಂದು ಅಧ್ಯಾಯ ಅಜ್ಜಿಗೆ. ಎಂಟು ದಿನಕ್ಕೆ ಅರ್ಧ ಪುಸ್ತಕ ಆಗಿದೆ. ಸ್ಪೀಡು ಹೆಚ್ಚಾಗಿದೆ ಅಂತ ನನಗೆ ಅನಿಸುತ್ತದೆ. ತಪ್ಪು ಓದಿದರೆ ನಮ್ಮತ್ತೆಗೆ ಅರ್ಥ ಆಗಲ್ಲ, "ಏನಂದಿ?" ಅಂತಾರೆ. ಹಿಂದೆ ಹೋಗಿ ಸರಿಯಾಗಿ ಓದುತ್ತಾನೆ. ನಾನು ತಿದ್ದಿದ್ದರೆ ಪುಸ್ತಕ ಮುಚ್ಚುತ್ತಿದ್ದ.

ಅನರ್ಥಕೋಶ ಪುಸ್ತಕ ಇಲ್ಲಿ ಸಿಗಲಿಲ್ಲ. ಆಟ ಮಾತ್ರ ಹೇಳಿಕೊಟ್ಟೆ. ಅವನು ಮತ್ತು ಅಜ್ಜಿ ಸೇರಿ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿದ್ದಾರೆ. ಅಜ್ಜಿ ಹೇಳೋದು, ಇವನು ಬರೆಯೋದು. ಎರಡು ಇಲ್ಲಿ ಹಾಕುತ್ತೇನೆ. "ಫ್ಯಾನ್: ಬಳ್ಳಾರಿಯಲ್ಲಿ ಬಿಸಿಗಾಳಿಯನ್ನು ಎಲ್ಲರಿಗೂ ಸಮನಾಗಿ ಹಂಚುವ ಯಂತ್ರ." ಇದು ಮಗನದು. "ನಳ: ನಾವು ಊರಿಗೆ ಹೋದ ದಿನ ನೀರು ಬಿಡುವ ಕೊಳವೆ." ಇದು ನಮ್ಮತ್ತೆಯದು.

ಸರ್, ಒಂದು ಪ್ರಶ್ನೆ ಉಳಿದಿದೆ. ಕ್ಲಾಸಿನಲ್ಲಿ ಆ ಪ್ಯಾರಾ ಓದುವಾಗ ಅವನಿಗೇ ನಗು ಬಂದು ನಿಂತುಬಿಟ್ಟರೆ ಏನು ಮಾಡಬೇಕು ಅಂತ ಕೇಳುತ್ತಿದ್ದಾನೆ.

ಸಿಂಧನೂರು ಕನ್ನಡ ಟೀಚರ್

ನಿಲ್ಲಲಿ ಬಿಡಿ ಅಕ್ಕ. ನಕ್ಕು ಮುಗಿಸಿ ಮುಂದೆ ಓದಲಿ. ಅಷ್ಟರಲ್ಲಿ ಕ್ಲಾಸೂ ನಗುತ್ತಿರುತ್ತದೆ. ಪ್ಯಾರಾ ಎಲ್ಲಿ ನಿಂತಿತು ಅಂತ ಬೆರಳು ಇಟ್ಟುಕೊಂಡಿರಲು ಮಾತ್ರ ಹೇಳಿ.

ಅಜ್ಜಿಯವರ 'ನಳ' ನಾಳೆ ನನ್ನ ಕಪ್ಪು ಹಲಗೆ ಮೇಲೆ ಬರೆಯುತ್ತೇನೆ. ಅವರನ್ನು ಕೇಳಿ ಒಪ್ಪಿಗೆ ಕಳಿಸಿ.

ಕೌಲ್‌ಬಜಾರ್ ಅಮ್ಮ, ಬಳ್ಳಾರಿ

ಕೇಳಿದೆ. "ಬರೀಲಿ, ಆದರೆ ಕೆಳಗೆ ನನ್ನ ಹೆಸರು ಹಾಕಲಿ" ಅಂದರು.